ಬಿಡಿಭಾಗಗಳ ಬೀದಿ

ಬೆಂಗಳೂರಿನ ಹಳೆಯ ಪೇಟೆಯಲ್ಲಿ ಬೀದಿಗೊಂದು ಕಸುಬು. ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ... ಹೆಸರು ಕೇಳಿದರೆ ಸಾಕು, ಒಂದು ಕಾಲಕ್ಕೆ ಅಲ್ಲಿ ಏನು ನಡೆಯುತ್ತಿತ್ತು ಎಂದು ಹೇಳಿಬಿಡಬಹುದು. ಕೆಂಪೇಗೌಡರು 1537ರಲ್ಲಿ ಕಟ್ಟಿದ ಊರಿನ ಆ ಪದ್ಧತಿ ಇನ್ನೂ ನಿಂತಿಲ್ಲ. ಟೌನ್ ಹಾಲಿಗೂ ಕೃಷ್ಣರಾಜೇಂದ್ರ ಮಾರುಕಟ್ಟೆಗೂ ನಡುವೆ ಸದರ್ ಪತ್ರಪ್ಪ ರಸ್ತೆ ಅಂತ ಒಂದಿದೆ. ಪೂರ್ತಿ ಹೆಸರು ಹೇಳಿದರೆ ಆಟೋದವರೂ ಒಂದು ಕ್ಷಣ ಯೋಚಿಸುತ್ತಾರೆ. ‘ಎಸ್.ಪಿ. ರೋಡ್’ ಅಂದರೆ ತಕ್ಷಣ ಮೀಟರ್ ಹಾಕುತ್ತಾರೆ, ಅಥವಾ ಹಾಕುವುದಿಲ್ಲ. ಅದು ನಮ್ಮ ಕಾಲದ ಕಂಪ್ಯೂಟರ್ ಪೇಟೆ.

ನಾನೂ ನನ್ನ ಮೊಮ್ಮಗಳೂ ಅಲ್ಲಿಗೆ ಹೋದದ್ದು 2024ರ ಮೇ ತಿಂಗಳಲ್ಲಿ, ಅವಳ ಬೇಸಿಗೆ ರಜೆಯಲ್ಲಿ. ಜೂನ್ ಬಂದರೆ ಒಂಬತ್ತನೇ ತರಗತಿ. ಜಯನಗರದಲ್ಲಿ ಮೆಟ್ರೋ ಹತ್ತಿದರೆ ನಾಲ್ಕನೆಯ ನಿಲ್ದಾಣವೇ ಕೆ.ಆರ್. ಮಾರುಕಟ್ಟೆ. ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿಗಳಿಗೆ ಬೀಗ. ಬೆಳಿಗ್ಗೆ ಹನ್ನೊಂದಕ್ಕೆ ಮೊದಲೂ ಬೇಡ. ನಾವು ಹೊರಗೆ ಬಂದಾಗ ಹಳೆಯ ಕೋಟೆಯ ಕಲ್ಲುಗೋಡೆಗೆ ಬಿಸಿಲು ಏರಿತ್ತು, ಬೀದಿಯಲ್ಲಿ ಮಾವು, ಹಲಸಿನ ವಾಸನೆ. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂದಾಗ ಬೀದಿದೀಪ ಮೊದಲು ಬೆಳಗಿದ್ದು ಈ ಮಾರುಕಟ್ಟೆಯ ಸುತ್ತಿನಲ್ಲೇ ಎಂದು ಅವಳಿಗೆ ಹೇಳಿದೆ. “ಹಾಗಾದ್ರೆ ಎಲೆಕ್ಟ್ರಾನಿಕ್ಸ್ ಅಂಗಡಿ ಇಲ್ಲೇ ಬಂದಿದ್ದು ಸರಿಯಾಗೇ ಇದೆ ತಾತ” ಅಂದಳು.

ರಸ್ತೆಯೇನೂ ಅಗಲವಿಲ್ಲ. ಎದುರಿಗೆ ಒಂದು ತಳ್ಳುಗಾಡಿ ಬಂದರೆ ಮನುಷ್ಯರು ಅಂಗಡಿಯ ಮೆಟ್ಟಿಲು ಹತ್ತಬೇಕು. ಕಣ್ಣೆತ್ತಿದರೆ ವೈರುಗಳು, ತಗ್ಗಿಸಿದರೆ ರಟ್ಟಿನ ಪೆಟ್ಟಿಗೆಗಳು. ಒಂದು ಅಂಗಡಿಯಲ್ಲಿ ಬರೀ ಕೇಬಲ್, ಪಕ್ಕದಲ್ಲಿ ಬರೀ ಸಿಸಿಟಿವಿ ಕ್ಯಾಮೆರಾ, ಅದರ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಸಣ್ಣ ರೆಸಿಸ್ಟರುಗಳನ್ನು ಕಾಗದದ ಪಟ್ಟಿಯಲ್ಲಿ ಪೋಣಿಸಿಟ್ಟುಕೊಂಡು ಮೊಳದ ಲೆಕ್ಕದಲ್ಲಿ ಕೊಡುವಂತೆ ಕತ್ತರಿಸಿ ಕೊಡುವವರು. ಕಿರಿದಾದ ಮೆಟ್ಟಿಲು ಹತ್ತಿದರೆ ಮಹಡಿಯಲ್ಲಿ ಇನ್ನೂ ಹತ್ತು ಅಂಗಡಿ. ಒಂದೇ ಗಲ್ಲಾದಲ್ಲಿ ಕನ್ನಡ, ಹಿಂದಿ, ತಮಿಳು, ಉರ್ದು ಎಲ್ಲ ಕೇಳಿಸುತ್ತವೆ. ಕನ್ನಡದಲ್ಲೇ ಮಾತು ಶುರು ಮಾಡಿದರೆ ಎಲ್ಲರೂ ಕನ್ನಡದಲ್ಲೇ ಉತ್ತರಿಸುತ್ತಾರೆ, ನಾನು ನೋಡಿದ ಮಟ್ಟಿಗೆ.

ಸಿದ್ಧ ಕಂಪ್ಯೂಟರೋ ಲ್ಯಾಪ್‌ಟಾಪೋ ತಂದರೆ ಆಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ನನ್ನ ಮಗ ಅದನ್ನೇ ಕೇಳಿದ. ಮೊಮ್ಮಗಳ ಉತ್ತರ ಚಿಕ್ಕದಾಗಿತ್ತು: “ಲ್ಯಾಪ್‌ಟಾಪ್ ಕೆಟ್ರೆ ಪೂರ್ತಿ ಕೆಡತ್ತೆ. ಇದು ಕೆಟ್ರೆ ಒಂದು ಭಾಗ ಕೆಡತ್ತೆ.” ನನಗೆ ಒಪ್ಪಿಗೆಯಾಯಿತು. ಹಣದ ಲೆಕ್ಕ ಹೀಗೆ: ಮಗ ಕೊಟ್ಟದ್ದು 25 ಸಾವಿರ, ಹಬ್ಬಕ್ಕೂ ಹುಟ್ಟುಹಬ್ಬಕ್ಕೂ ಬಂದದ್ದನ್ನು ಕೂಡಿಟ್ಟು ಮೊಮ್ಮಗಳು ಹಾಕಿದ್ದು 5 ಸಾವಿರ, ನನ್ನ ಹೆಂಡತಿ ಕೊಟ್ಟದ್ದು 10 ಸಾವಿರ. ಒಟ್ಟು 40 ಸಾವಿರ. ನನ್ನ ಪಾಲು ಜೊತೆಯಲ್ಲಿ ನಡೆಯುವುದು, ಲೆಕ್ಕ ಬರೆಯುವುದು.

ಹೆಂಡತಿಯ ಹತ್ತು ಸಾವಿರಕ್ಕೆ ಒಂದು ಷರತ್ತಿತ್ತು. ಅವಳು ಮದುವೆ, ಮುಂಜಿಗಳಲ್ಲಿ ಸಂಪ್ರದಾಯದ ಹಾಡು ಹೇಳುತ್ತಿದ್ದವಳು. ಹಸೆಗೆ ಕರೆಯುವುದು, ಆರತಿ, ಉರುಟಣೆ, ಬೀಗರನ್ನು ಹಾಸ್ಯ ಮಾಡುವುದು, ಎಲ್ಲಕ್ಕೂ ಒಂದೊಂದು. 2011ರಲ್ಲಿ ಮಗ ಒಂದು ಮೈಕ್ ತಂದು, ಕಿಟಕಿ ಬಾಗಿಲು ಹಾಕಿಸಿ, ಇಪ್ಪತ್ತಾರು ಹಾಡುಗಳನ್ನು ಮನೆಯ ಕಂಪ್ಯೂಟರಿನಲ್ಲಿ ಧ್ವನಿಮುದ್ರಿಸಿದ. ಮೂರು ವರ್ಷದ ಮೇಲೆ ಅವಳಿಗೆ ಥೈರಾಯ್ಡ್ ಶಸ್ತ್ರಚಿಕಿತ್ಸೆಯಾಯಿತು. ಆರೋಗ್ಯ ಸರಿಹೋಯಿತು, ಕಂಠ ಮಾತ್ರ ಮೊದಲಿನಂತಾಗಲಿಲ್ಲ. ಮಾತಿಗೆ ತೊಂದರೆಯಿಲ್ಲ, ಹಾಡಿಗೆ ಒದಗುವುದಿಲ್ಲ. ಹಾಡುಗಳನ್ನು ಮಗ ಒಂದು ಸಿ.ಡಿ.ಗೂ ಪ್ರತಿ ಮಾಡಿದ್ದ. ವರ್ಷಗಳು ಕಳೆದಂತೆ ಆ ಸಿ.ಡಿ. ಓದದೆ ಹೋಯಿತು. ಉಳಿದದ್ದು ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಒಂದೇ. 2023ರ ಮಳೆಗಾಲದ ಒಂದು ಸಂಜೆ ಕರೆಂಟು ಹೋಗಿ ಬಂದಾಗ ಆ ಕಂಪ್ಯೂಟರ್ ಒಳಗಿನಿಂದ ‘ಟಪ್’ ಎಂದಿತು, ಸುಟ್ಟ ವಾಸನೆ ಬಂತು, ಮತ್ತೆ ಏಳಲಿಲ್ಲ.

“ಹೊಸ ಮೆಷಿನ್ನಿನಲ್ಲಿ ನನ್ನ ಹಾಡು ಬಂದರೆ ಹತ್ತು ಸಾವಿರ ಸಾರ್ಥಕ. ಬರದಿದ್ದರೆ ನಿಮ್ಮಿಬ್ಬರ ಪುಣ್ಯ” ಅಂದಿದ್ದಳು. ಹಳೆಯ ಡಿಸ್ಕನ್ನು ಮೊಮ್ಮಗಳು ಹತ್ತಿಯ ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಬಂದಿದ್ದಳು.

ಬಿಡಿಭಾಗ ಆರಿಸುವುದಕ್ಕೆ ಮೊದಲು ಕೇಳಿಕೊಳ್ಳಬೇಕಾದದ್ದು ‘ಯಾವುದು ಒಳ್ಳೆಯದು’ ಅಂತಲ್ಲ, ‘ನಮಗೆ ಏನು ಕೆಲಸವಿದೆ’ ಅಂತ. ನಾವು ಮನೆಯಲ್ಲೇ ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡಿದ್ದೆವು. ಮೊಮ್ಮಗಳಿಗೆ ಶಾಲೆಯ ಕೆಲಸ, ಪೈಥಾನ್ ಕಲಿಯುವುದು, ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ ಗೊಂಬೆಗಳನ್ನು ಕುಣಿಸುವುದು. ನನಗೆ ಕನ್ನಡದಲ್ಲಿ ಬರೆಯುವುದು, ಬ್ಯಾಂಕಿನ ಲೆಕ್ಕ ನೋಡುವುದು. ಅಜ್ಜಿಗೆ ಹಾಡು, ದೊಡ್ಡ ಅಕ್ಷರ. ಈ ಪುಟವಿಲ್ಲದೆ ಎಸ್.ಪಿ. ರಸ್ತೆಗೆ ಹೋದರೆ ಅಲ್ಲಿ ಹೊಳೆಯುವುದೆಲ್ಲ ಬೇಕೆನಿಸುತ್ತದೆ. ಈಗಿನ ಕ್ಯಾಬಿನೆಟ್ಟುಗಳಲ್ಲಿ ಗಾಜಿನ ಬಾಗಿಲು, ಒಳಗೆ ಗಣೇಶನ ಮಂಟಪದ ಹಾಗೆ ಬಣ್ಣಬಣ್ಣದ ದೀಪ!

ಮೊದಲು ಪ್ರೊಸೆಸರ್. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇದು ಗುಮಾಸ್ತ. ‘ಆರು ಕೋರ್’ ಎಂದರೆ ಆರು ಗುಮಾಸ್ತರು. ‘ಹನ್ನೆರಡು ಥ್ರೆಡ್’ ಎಂದರೆ ಒಬ್ಬೊಬ್ಬ ಗುಮಾಸ್ತನೂ ಎರಡೆರಡು ಸಾಲಿನವರನ್ನು ಸಂಭಾಳಿಸಬಲ್ಲ ಅಂತ. ರ್‍ಯಾಮ್ ಎಂಬುದು ಅವರ ಮೇಜು. ಮೇಜು ದೊಡ್ಡದಿದ್ದಷ್ಟೂ ಹೆಚ್ಚು ಲೆಡ್ಜರುಗಳನ್ನು ಒಟ್ಟಿಗೆ ತೆರೆದಿಡಬಹುದು. ಚಿಕ್ಕದಾದರೆ ಒಂದನ್ನು ಮುಚ್ಚಿ ಒಳಗಿಟ್ಟು ಇನ್ನೊಂದನ್ನು ತರಬೇಕು. ಡಿಸ್ಕ್ ಎಂಬುದು ಒಳಗಿನ ದಾಖಲೆ ಕೋಣೆ. ಕರೆಂಟು ಹೋದರೆ ಮೇಜು ಖಾಲಿಯಾಗುತ್ತದೆ, ದಾಖಲೆ ಕೋಣೆಯಲ್ಲಿರುವುದು ಉಳಿಯುತ್ತದೆ.

ಪ್ರೊಸೆಸರ್ ಮಾಡುವ ದೊಡ್ಡ ಕಂಪನಿಗಳು ಎರಡು, ಇಂಟೆಲ್ ಮತ್ತು ಎಎಂಡಿ. ಹೆಸರಿನ ಕೊನೆಯಲ್ಲಿ ಬರುವ ಒಂದೊಂದು ಅಕ್ಷರಕ್ಕೂ ಅರ್ಥವಿದೆ, ಅದನ್ನು ನೋಡದೆ ಹಣ ಕೊಡಬಾರದು. ಇಂಟೆಲ್‌ನಲ್ಲಿ ಕೊನೆಗೆ ‘ಎಫ್’ ಇದ್ದರೆ ಅದರೊಳಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗ ಇರುವುದಿಲ್ಲ; ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಪರದೆ ಕಪ್ಪಾಗಿಯೇ ಇರುತ್ತದೆ. ಮೊದಲ ಅಂಗಡಿಯಲ್ಲಿ ನಮಗೆ ಕಡಿಮೆ ಬೆಲೆಗೆ ತೋರಿಸಿದ್ದು ಅಂಥದ್ದನ್ನೇ. ಮೊಮ್ಮಗಳು ಪೆಟ್ಟಿಗೆ ತಿರುಗಿಸಿ ನೋಡಿ, “ಅಂಕಲ್, ಇದು ಎಫ್. ನಮ್ಮ ಹತ್ರ ಕಾರ್ಡ್ ಇಲ್ಲ” ಅಂದಳು. ಅವರು ನನ್ನ ಕಡೆ ನೋಡಿ ನಕ್ಕು, “ಹುಷಾರಿದೆ ಸರ್ ಮಗು” ಎಂದು ಪೆಟ್ಟಿಗೆ ಒಳಗಿಟ್ಟರು. ಆಮೇಲೆ ನಮ್ಮನ್ನು ಗಿರಾಕಿಗಳ ಹಾಗೆ ಮಾತಾಡಿಸಿದರು, ಅದುವರೆಗೆ ದಾರಿಹೋಕರ ಹಾಗೆ ಮಾತಾಡಿಸುತ್ತಿದ್ದರು.

ಎರಡನೆಯ ಅಂಗಡಿಯಲ್ಲಿ ಒಂದು ಪ್ರೊಸೆಸರ್ ಎಂಟುನೂರು ರೂಪಾಯಿ ಕಡಿಮೆಗೆ ಸಿಗುತ್ತಿತ್ತು. ಆದರೆ ಪೆಟ್ಟಿಗೆಯಿಲ್ಲ, ಫ್ಯಾನಿಲ್ಲ, ಪ್ಲಾಸ್ಟಿಕ್ ಚೀಟಿಯಲ್ಲಿ ಮೂಗುತಿಯಂತೆ ಸುತ್ತಿಟ್ಟಿದ್ದರು. ಇದಕ್ಕೆ ಅಲ್ಲಿ ‘ಟ್ರೇ’ ಎನ್ನುತ್ತಾರೆ. ಕಂಪ್ಯೂಟರ್ ಕಂಪನಿಗಳಿಗೆ ಸಗಟಾಗಿ ಹೋಗುವ ಮಾಲು ಇದು. ಚಿಪ್ಪಿನಲ್ಲಿ ಕೊರತೆಯೇನಿಲ್ಲ, ಆದರೆ ಪೆಟ್ಟಿಗೆಯ ಮಾಲಿಗೆ ತಯಾರಕರು ಕೊಡುವ ಮೂರು ವರ್ಷದ ವಾರಂಟಿ ಇದಕ್ಕೆ ಸಿಗುವುದಿಲ್ಲ, ಅಂಗಡಿಯವರ ಮಾತೇ ವಾರಂಟಿ. ಎಂಟುನೂರಕ್ಕೆ ಮೂರು ವರ್ಷದ ನೆಮ್ಮದಿ ಮಾರುವುದು ಲಾಭದ ವ್ಯವಹಾರವಲ್ಲ.

ಕೊನೆಗೆ ನಾವು ತೆಗೆದುಕೊಂಡದ್ದು ಎಎಂಡಿಯ ರೈಜೆನ್ 5 5600ಜಿ, ಸೀಲ್ ಇರುವ ಪೆಟ್ಟಿಗೆ, 11,500 ರೂಪಾಯಿ. ಆರು ಕೋರ್, ಹನ್ನೆರಡು ಥ್ರೆಡ್. ಇಲ್ಲಿ ‘ಜಿ’ ಅಂದರೆ ಗ್ರಾಫಿಕ್ಸ್ ಒಳಗೇ ಇದೆ. 2021ರಲ್ಲಿ ಬಂದ ಚಿಪ್ಪು, ಹೊಸದಲ್ಲ. ಮನೆಯ ಕೆಲಸಕ್ಕೆ ಹೊಸದೇ ಬೇಕೆಂದೇನಿಲ್ಲ.

ಪ್ರೊಸೆಸರ್ ಆರಿಸಿದ ಮೇಲೆ ಮದರ್‌ಬೋರ್ಡ್ ಅರ್ಧ ಆರಿಸಿದಂತೆಯೇ, ಯಾಕೆಂದರೆ ಎರಡೂ ಕೂಡಬೇಕು. ಈ ಪ್ರೊಸೆಸರಿನ ಅಡಿಯಲ್ಲಿ 1,331 ಕೂದಲೆಳೆಯಂಥ ಪಿನ್ನುಗಳಿವೆ. ಅವು ಹೊಕ್ಕು ಕೂರುವ ಜಾಗಕ್ಕೆ ‘ಎಎಂ4 ಸಾಕೆಟ್’ ಎಂದು ಹೆಸರು. ಇಂಟೆಲ್‌ನ ಬೋರ್ಡಿಗೆ ಇದು ಕೂರುವುದಿಲ್ಲ. ಅದೇ ಎಎಂಡಿಯ ಮುಂದಿನ ಪೀಳಿಗೆಯ ಎಎಂ5ಕ್ಕೂ ಕೂರುವುದಿಲ್ಲ. ಅದರಲ್ಲಿ ಪಿನ್ನುಗಳು ಚಿಪ್ಪಿನಲ್ಲಿಲ್ಲ, ಬೋರ್ಡಿನಲ್ಲಿವೆ. ಕೇಳಬೇಕಾದ ಇನ್ನೊಂದು ಮಾತು: ‘ಬಯಾಸ್ ಅಪ್‌ಡೇಟ್ ಆಗಿದೆಯಾ?’ ಬೋರ್ಡಿಗೆ ಜೀವ ಬಂದೊಡನೆ ಮೊದಲು ಓಡುವ ಚಿಕ್ಕ ತಂತ್ರಾಂಶ ಅದು. ಬೋರ್ಡು ಪ್ರೊಸೆಸರಿಗಿಂತ ಮೊದಲು ತಯಾರಾದದ್ದಾದರೆ, ಅದು ಈ ಪ್ರೊಸೆಸರನ್ನು ಗುರುತೇ ಹಿಡಿಯದಿರಬಹುದು.

ಅಜ್ಜಿಯ ಡಿಸ್ಕಿಗಾಗಿ ಬೋರ್ಡಿನಲ್ಲಿ ಸಾಟಾ ಎಂಬ ಕನೆಕ್ಷನ್ ಬೇಕಿತ್ತು. ಮೊಮ್ಮಗಳು ಪೆಟ್ಟಿಗೆಯ ಹಿಂದಿನ ಚಿತ್ರದ ಮೇಲೆ ಬೆರಳಿಟ್ಟು ಎಣಿಸಿದಳು, ನಾಲ್ಕಿದ್ದವು. 7,800 ರೂಪಾಯಿ.

ರ್‍ಯಾಮ್ ಕೊಳ್ಳುವಾಗ ಒಂದು ತಮಾಷೆ ನೋಡಿದೆವು. ಡಿಡಿಆರ್4, ಡಿಡಿಆರ್5 ಎರಡಕ್ಕೂ ಅಂಚಿನಲ್ಲಿ 288 ಚಿನ್ನದ ಬಣ್ಣದ ಹಲ್ಲುಗಳು. ಉದ್ದವೂ ಒಂದೇ. ಆದರೆ ಹಲ್ಲುಗಳ ಸಾಲಿನ ನಡುವೆ ಇರುವ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ಒಂದರ ಜಾಗಕ್ಕೆ ಇನ್ನೊಂದನ್ನು ತುರುಕಲು ಹೋದರೆ ಹೋಗದಿರಲಿ ಅಂತಲೇ ಹೀಗೆ ಮಾಡಿದ್ದಾರೆ. ಅಂಗಡಿಯವರು ಎರಡನ್ನೂ ಒಂದರ ಮೇಲೊಂದು ಇಟ್ಟು ತೋರಿಸಿದರು. ನಮ್ಮ ಬೋರ್ಡಿಗೆ ಬೇಕಾದದ್ದು ಡಿಡಿಆರ್4. ಹದಿನಾರು ಜಿಬಿಯ ಒಂದೇ ಪಟ್ಟಿಯ ಬದಲು ಎಂಟೆಂಟರ ಎರಡು ಪಟ್ಟಿ ತೆಗೆದುಕೊಂಡೆವು, 3,400 ರೂಪಾಯಿ. ಎರಡಿದ್ದರೆ ಪ್ರೊಸೆಸರಿಗೂ ಮೇಜಿಗೂ ನಡುವೆ ಎರಡು ದಾರಿ ತೆರೆಯುತ್ತವೆ. ಗ್ರಾಫಿಕ್ಸ್ ಪ್ರೊಸೆಸರಿನೊಳಗೇ ಇದ್ದಾಗ ಅದೂ ಇದೇ ರ್‍ಯಾಮನ್ನು ಹಂಚಿಕೊಳ್ಳುವುದರಿಂದ, ಈ ಎರಡನೇ ದಾರಿಯಿಂದ ಬಹಳ ಪ್ರಯೋಜನ.

ಹೊಸ ಡಿಸ್ಕ್ ನೋಡಿ ನಾನು ಬೆರಗಾದೆ. ಎಂ.2 ಎಂಬ ಬಗೆಯ ಎಸ್‌ಎಸ್‌ಡಿ, 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ, ಚ್ಯೂಯಿಂಗ್ ಗಮ್ಮಿನ ಪಟ್ಟಿಯಂತಿದೆ. ಒಳಗೆ ತಿರುಗುವುದು ಏನೂ ಇಲ್ಲ, ಸದ್ದೂ ಇಲ್ಲ. 500 ಜಿಬಿಗೆ 3,300. ಹಳೆಯ ಡಿಸ್ಕಿನಲ್ಲಿ ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಯಿತ್ತು. ಅದರ ಪಕ್ಕದಲ್ಲಿ ಇದು ಹಿತ್ತಾಳೆ ಕೊಳಗದ ಪಕ್ಕದ ಚಮಚ.

ಮಧ್ಯಾಹ್ನ ಒಂದು ಪುಟ್ಟ ಹೋಟೆಲಿನಲ್ಲಿ ನಿಂತುಕೊಂಡೇ ಖಾಲಿ ದೋಸೆ ತಿಂದೆವು. ಮೊಮ್ಮಗಳು ಪಟ್ಟಿ ಬಿಚ್ಚಿ ಒಂದು ಸಾಲನ್ನೇ ನೋಡುತ್ತಿದ್ದಳು: ಗ್ರಾಫಿಕ್ಸ್ ಕಾರ್ಡ್. ಅವಳ ಗೆಳತಿಯ ಅಣ್ಣನ ಕಂಪ್ಯೂಟರಿನಲ್ಲಿದೆಯಂತೆ. ಬ್ಲೆಂಡರಿನಲ್ಲಿ ಗೊಂಬೆ ಅಲ್ಲಿ ಸರಾಗವಾಗಿ ಕುಣಿಯುತ್ತದಂತೆ. ಒಂದು ಅಂಗಡಿಯವರು, “ಮಾನಿಟರ್ ಹಳೇದನ್ನೇ ಇಟ್ಕೊಳ್ಳಿ, ಎಸ್‌ಎಂಪಿಎಸ್ ಲೋಕಲ್ ಹಾಕಿ, ಆ ದುಡ್ಡಲ್ಲಿ ಒಂದು ಸೆಕೆಂಡ್ಸ್ ಕಾರ್ಡ್ ಬರತ್ತೆ” ಎಂದೂ ಹೇಳಿದ್ದರು. ನಾನು ಏನೂ ಹೇಳಲಿಲ್ಲ. ಐದು ಸಾವಿರ ಅವಳದ್ದೇ ಹಣ, ಪಟ್ಟಿಯೂ ಅವಳದ್ದು.

ಎಸ್‌ಎಂಪಿಎಸ್ ಎಂದರೆ ಗೋಡೆಯಿಂದ ಬರುವ 230 ವೋಲ್ಟನ್ನು ಹನ್ನೆರಡು, ಐದು, ಮೂರು ಚಿಲ್ಲರೆ ವೋಲ್ಟುಗಳಾಗಿ ಇಳಿಸಿ ಎಲ್ಲ ಭಾಗಗಳಿಗೂ ಹಂಚುವ ಪೆಟ್ಟಿಗೆ. ಜನ ಎಲ್ಲಕ್ಕೂ ದುಡ್ಡು ಕೊಟ್ಟು ಕೊನೆಗೆ ಉಳಿದ ಚಿಲ್ಲರೆಯಲ್ಲಿ ಇದನ್ನು ಕೊಳ್ಳುತ್ತಾರೆ. ನಮ್ಮ ಹಳೆಯ ಯಂತ್ರದಲ್ಲಿ ಕ್ಯಾಬಿನೆಟ್ಟಿನ ಜೊತೆಗೆ ಪುಕ್ಕಟೆ ಬಂದದ್ದಿತ್ತು. ‘ಟಪ್’ ಎಂದದ್ದು ಅದೇ. ಒಳ್ಳೆಯ ಎಸ್‌ಎಂಪಿಎಸ್ ಆದರೆ ವೋಲ್ಟೇಜ್ ಏರುಪೇರಾದಾಗ ತಾನು ಬಾಗಿಲು ಮುಚ್ಚಿಕೊಂಡು ಒಳಗಿನವರನ್ನು ಉಳಿಸಲು ನೋಡುತ್ತದೆ. ಕಳಪೆಯದು ತಾನೂ ಸತ್ತು ಉಳಿದವರನ್ನೂ ಕರೆದುಕೊಂಡು ಹೋಗುತ್ತದೆ. ಅದರ ಮೇಲೆ ‘80 ಪ್ಲಸ್’ ಎಂಬ ಗುರುತು ಇದೆಯೇ ನೋಡಬೇಕು. ಗೋಡೆಯಿಂದ ಎಳೆದುಕೊಂಡ ವಿದ್ಯುತ್ತಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ಕೆಲಸಕ್ಕೆ ಸಲ್ಲುತ್ತದೆ, ಉಳಿದದ್ದು ಮಾತ್ರ ಶಾಖವಾಗಿ ಹೋಗುತ್ತದೆ ಎಂಬುದಕ್ಕೆ ಅದು ಪರೀಕ್ಷೆಯ ಮುದ್ರೆ. ಗುರುತಿಲ್ಲದ ಕೆಲವು ಪೆಟ್ಟಿಗೆಗಳ ಮೇಲೆ ದಪ್ಪ ಅಕ್ಷರದಲ್ಲಿ ‘500’ ಎಂದಿರುತ್ತದೆ. ಒಂದನ್ನು ಕೈಯಲ್ಲಿ ತೂಗಿ ನೋಡಿದೆ, ತೆಂಗಿನಕಾಯಿ ಗರಟದಷ್ಟು ಹಗುರ. ಬ್ಯಾಂಕಿನಲ್ಲಿ ಚಿಲ್ಲರೆ ಚೀಲಗಳನ್ನು ಎತ್ತಿದ ಕೈ ಇದು, ಹಗುರವಾದದ್ದನ್ನು ಸುಲಭವಾಗಿ ನಂಬುವುದಿಲ್ಲ.

ದೋಸೆ ಮುಗಿದ ಮೇಲೆ ಮೊಮ್ಮಗಳು ಪೆನ್ನು ತೆಗೆದು ಗ್ರಾಫಿಕ್ಸ್ ಕಾರ್ಡಿನ ಮೇಲೆ ಗೆರೆ ಎಳೆದಳು. “ಬೋರ್ಡಲ್ಲಿ ಜಾಗ ಹೇಗೂ ಇದೆ ತಾತ. ಪಿಯುಸಿಗೆ ಬಂದಾಗ ಹಾಕ್ಕೊಳ್ತೀನಿ. ಎಸ್‌ಎಂಪಿಎಸ್ ಮಾತ್ರ ಆಗಲೂ ಸಾಕಾಗೋ ಥರದ್ದು ಈಗಲೇ ತಗೊಳ್ಳೋಣ.” 450 ವಾಟಿನ, ಗುರುತಿರುವ, ಕೈಗೆ ಭಾರವಾದ ಒಂದನ್ನು ಅವಳೇ ಆರಿಸಿದಳು. 3,100. ಈಗಿನ ನಮ್ಮ ಯಂತ್ರಕ್ಕೆ ಅದರ ಮೂರನೇ ಒಂದು ಪಾಲು ಸಾಕು.

ಕ್ಯಾಬಿನೆಟ್ ಅಂಗಡಿಯಲ್ಲಿ ಮತ್ತೆ ಅಜ್ಜಿಯ ಡಿಸ್ಕ್ ಅಡ್ಡ ಬಂತು. ಗಾಜಿನ ಬಾಗಿಲಿನ ಹೊಸ ಪೆಟ್ಟಿಗೆಗಳಲ್ಲಿ ಹಳೆಯ ಮೂರೂವರೆ ಇಂಚಿನ ಡಿಸ್ಕ್ ಇಡುವ ಗೂಡೇ ಇಲ್ಲದವು ಇದ್ದವು. ಮೊಮ್ಮಗಳು ಟವೆಲ್ ಬಿಚ್ಚಿ ಡಿಸ್ಕನ್ನು ಹೊರತೆಗೆದಳು, ಅಳತೆ ನೋಡಲು. ಅಂಗಡಿಯ ಯಜಮಾನರು ಐವತ್ತು ದಾಟಿದವರು, ರಾಜಸ್ಥಾನದ ಕಡೆಯವರು, ಕನ್ನಡ ಚೆನ್ನಾಗಿ ಮಾತಾಡುತ್ತಿದ್ದರು. ಡಿಸ್ಕನ್ನು ಇಸಿದುಕೊಂಡು, ತಿರುಗಿಸಿ, ಅಡಿಯ ಹಸಿರು ಹಲಗೆಗೆ ಮೂಗಿಟ್ಟು ಮೂಸಿದರು!

“ಸುಟ್ಟ ವಾಸನೆ ಇಲ್ಲ ಅಂಕಲ್. ಆಸೆ ಇದೆ. ಆದ್ರೆ ತಿರುಗಿದ ಮೇಲೇ ಗೊತ್ತು. ಏನಿದೆ ಇದರಲ್ಲಿ?”

“ಅಜ್ಜಿ ಹಾಡು” ಅಂದಳು ಮೊಮ್ಮಗಳು.

“ಹಾಗಾದ್ರೆ ಸುಮ್ಮನೆ ಚೆಕ್ ಮಾಡೋಕೆ ಅಂತ ಎಲ್ಲೂ ಹಾಕಬೇಡಿ. ಹಳೇ ಡಿಸ್ಕು, ಎಷ್ಟು ಸಲ ಏಳತ್ತೋ ಗೊತ್ತಿಲ್ಲ. ಮನೇಲಿ ಎಲ್ಲಾ ರೆಡಿ ಮಾಡ್ಕೊಂಡು, ಒಂದ್ಸಲ ತಿರುಗ್ತು ಅಂದ್ರೆ ಬೇರೇನೂ ನೋಡದೆ ಮೊದಲು ಕಾಪಿ ಮಾಡ್ಕೊಳ್ಳಿ. ಏಳಲಿಲ್ಲ ಅಂದ್ರೆ ಬಿಚ್ಚೋಕೆ ಹೋಗಬೇಡಿ, ರಿಕವರಿ ಮಾಡೋರು ಇದ್ದಾರೆ. ಖರ್ಚು ಜಾಸ್ತಿ.”

ದೀಪಗಳಿಲ್ಲದ, ಗೂಡು ಇರುವ, ಕಪ್ಪು ತಗಡಿನ ಕ್ಯಾಬಿನೆಟ್ ಒಂದನ್ನು ಒಳಗಿನಿಂದ ತರಿಸಿದರು. 2,600. ಕೀಲಿಮಣೆ, ಮೌಸ್ ಸೇರಿ 900. ಅಜ್ಜಿಯ ಕಣ್ಣಿಗಾಗಿ 22 ಇಂಚಿನ ಮಾನಿಟರ್ 6,900. ಯುಪಿಎಸ್ ಮನೆಯಲ್ಲಿತ್ತು, ಅದರ ಬ್ಯಾಟರಿ ಹಿಂದಿನ ತಿಂಗಳಷ್ಟೇ ಬದಲಾಯಿಸಿದ್ದೆವು. ನೋಟ್ ಪುಸ್ತಕದಲ್ಲಿ ಕೂಡಿಸಿದರೆ 39,500. ಐನೂರು ಉಳಿಯಿತು. ಈ ಬೆಲೆಗಳು ಆ ದಿನದವು. ಚಿನ್ನದ ಬೆಲೆಯಂತೆ ಇವೂ ಏರಿಳಿಯುತ್ತಿರುತ್ತವೆ, ಅದರಲ್ಲೂ ರ್‍ಯಾಮಿನ ಬೆಲೆ. ಹೋಗುವ ಹಿಂದಿನ ದಿನ ವಿಚಾರಿಸಿಕೊಳ್ಳಿ.

ಬಿಲ್ಲಿನ ವಿಷಯ ಹಿರಿಯರಿಗೆ ಹೇಳಬೇಕು. “ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೀವಿ” ಎಂಬ ಮಾತು ಅಲ್ಲಿ ಕೇಳಿಬರುತ್ತದೆ. ಕಂಪ್ಯೂಟರ್ ಭಾಗಗಳ ಮೇಲೆ ನೂರಕ್ಕೆ 18 ಜಿಎಸ್‌ಟಿ, ಆಸೆಯಾಗುವುದು ಸಹಜ. ಆದರೆ ಬಿಲ್ಲಿಲ್ಲದಿದ್ದರೆ ವಾರಂಟಿ ಕೇಳಲು ಹೋದಾಗ ತೋರಿಸಲು ಏನೂ ಇರುವುದಿಲ್ಲ. ಪ್ರತಿ ಭಾಗದ ಸೀರಿಯಲ್ ನಂಬರೂ ಬಿಲ್ಲಿನ ಮೇಲೆ ಇರಬೇಕು. ಒಂದು ಅಂಗಡಿಯಲ್ಲಿ ನಾನು ನಂಬರುಗಳನ್ನು ಪೆಟ್ಟಿಗೆಯೊಡನೆ ತಾಳೆ ನೋಡುತ್ತಿದ್ದಾಗ ಹಿಂದಿದ್ದ ಹುಡುಗನೊಬ್ಬ ಗೊಣಗಿದ. ಗೊಣಗಲಿ.

ಕೂಡಿಸಿಕೊಡಲು ಅಂಗಡಿಯವರು ಒಂದಿಷ್ಟು ಹಣ ಪಡೆಯುತ್ತಾರೆ, ಅವಸರವಿದ್ದವರಿಗೆ ಅದೇ ಒಳ್ಳೆಯದು. ಮೊಮ್ಮಗಳಿಗೆ ತಾನೇ ಮಾಡಬೇಕಿತ್ತು. ಮಾರನೆಯ ದಿನ ಊಟದ ಮೇಜನ್ನು ಒರೆಸಿ, ಒಣಗಿಸಿ, ಎಲ್ಲವನ್ನೂ ಹರಡಿಕೊಂಡೆವು. ಮೈಯಲ್ಲಿರುವ ಸ್ಥಿರವಿದ್ಯುತ್ತು ಚಿಪ್ಪುಗಳಿಗೆ ಆಗದು ಎಂದು ಅವಳು ಆಗಾಗ ಕ್ಯಾಬಿನೆಟ್ಟಿನ ಬರಿಯ ಲೋಹವನ್ನು ಮುಟ್ಟುತ್ತಿದ್ದಳು. ಪ್ರೊಸೆಸರಿನ ಮೂಲೆಯಲ್ಲಿ ಒಂದು ಚಿನ್ನದ ಬಣ್ಣದ ತ್ರಿಕೋನವಿದೆ, ಸಾಕೆಟ್ಟಿನಲ್ಲೂ ಅದಕ್ಕೊಂದು ಜೋಡಿ ಗುರುತಿದೆ. ಎರಡನ್ನೂ ಹೊಂದಿಸಿ, ಸನ್ನೆಯಂಥ ಕಡ್ಡಿ ಎತ್ತಿ, ಮೇಲಿನಿಂದ ಸುಮ್ಮನೆ ಇಟ್ಟರೆ ತಾನಾಗಿ ಇಳಿದು ಕೂರುತ್ತದೆ. ಒತ್ತಬಾರದು. ಒತ್ತಿದರೆ ಪಿನ್ನು ಬಾಗುತ್ತದೆ. ರ್‍ಯಾಮಿಗೆ ಇದು ತಿರುಗಾಮುರುಗಾ: ಗಟ್ಟಿಯಾಗಿ ಒತ್ತಬೇಕು, ‘ಟಕ್’ ಅನ್ನಬೇಕು. ನಾಲ್ಕು ಕಿಂಡಿಗಳಿದ್ದರೆ ಪ್ರೊಸೆಸರಿನ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು. ಎಲ್ಲಕ್ಕಿಂತ ತಲೆನೋವು ಕೊಟ್ಟದ್ದು ಪವರ್ ಗುಂಡಿಯಿಂದ ಬೋರ್ಡಿಗೆ ಹೋಗುವ ಸಣ್ಣ ವೈರುಗಳು. ಅಷ್ಟು ಸಣ್ಣ ಅಕ್ಷರ ಓದಲು ನನ್ನ ಪಂಚಾಂಗದ ಭೂತಗನ್ನಡಿ ಬೇಕಾಯಿತು.

ಸಂಜೆ ಐದಕ್ಕೆ ಗುಂಡಿ ಒತ್ತಿದಾಗ ಫ್ಯಾನ್ ತಿರುಗಿತು, ಪರದೆ ಕಪ್ಪು. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಮೊಮ್ಮಗಳು ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಟಾರ್ಚ್ ಹಿಡಿದು ಒಂದೊಂದನ್ನೇ ಮುಟ್ಟಿ ನೋಡುತ್ತ ಹೋದಳು. ಒಂದು ರ್‍ಯಾಮ್ ಪಟ್ಟಿಯ ಒಂದು ತುದಿ ಒಂದು ಎಳೆಯಷ್ಟು ಮೇಲಿತ್ತು. ಹೆಬ್ಬೆರಳಿಟ್ಟು ಒತ್ತಿದಳು. ಟಕ್. ಈ ಸಲ ಪರದೆಯ ಮೇಲೆ ಅಕ್ಷರ ಮೂಡಿದವು.

ವಿಂಡೋಸ್‌ಗೆ ಬೇರೆ ಹಣ ಕೊಡಬೇಕು, ಕದ್ದ ಪ್ರತಿ ನಮಗೆ ಬೇಡ. ಉಬುಂಟು ಹಾಕಿದೆವು, ಅದು ಉಚಿತ. ಕನ್ನಡಕ್ಕೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆ ಅದರೊಳಗೇ ಇದೆ. ಈ ಲೇಖನವನ್ನು ಬೆರಳಚ್ಚಿಸಿರುವುದೂ ಅದರಲ್ಲೇ.

ಹಳೆಯ ಡಿಸ್ಕನ್ನು ಜೋಡಿಸಿದ್ದು ಅದರ ಮರುದಿನ ಬೆಳಿಗ್ಗೆ, ಕರೆಂಟು ಸ್ಥಿರವಾಗಿದ್ದಾಗ. ಹೆಂಡತಿ ಅಡುಗೆಮನೆಯಲ್ಲೇ ಇದ್ದಳು. “ನೀವು ಮಾಡಿ, ನಾನು ಬರಲ್ಲ” ಅಂದಳು, ಆದರೆ ಮಿಕ್ಸಿ ಹಾಕಲಿಲ್ಲ. ಮೊದಲು ಏನೂ ಇಲ್ಲ. ಆಮೇಲೆ ಒಂದು ಸಣ್ಣ ‘ಗುಂಯ್’, ಏರುತ್ತ ಏರುತ್ತ ಒಂದೇ ಸ್ಥಾಯಿಗೆ ಬಂದು ನಿಂತಿತು. ಮೊಮ್ಮಗಳು ಯಾವ ಕಡತವನ್ನೂ ತೆರೆಯದೆ ‘ಅಜ್ಜಿ ಹಾಡು’ ಎಂಬ ಕಡತಕೋಶವನ್ನು ಪೂರ್ತಿಯಾಗಿ ಹೊಸ ಡಿಸ್ಕಿಗೆ ಎಳೆದುಬಿಟ್ಟಳು. ಇಪ್ಪತ್ತಮೂರು ಬಂದವು. ಮೂರರಲ್ಲಿ ದೋಷವೆಂದು ತೋರಿಸಿತು. ಎರಡು ಸಲ ಪ್ರಯತ್ನಿಸಿದಳು, ಆ ಮೂರು ಬರಲಿಲ್ಲ.

ಆಮೇಲೆ ಒಂದನ್ನು ಹಾಕಿದಳು. ಹದಿಮೂರು ವರ್ಷದ ಹಿಂದಿನ ಧ್ವನಿ, ಹಿನ್ನೆಲೆಯಲ್ಲಿ ಎಲ್ಲೋ ಕುಕ್ಕರಿನ ಕೂಗು. ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದಳು. “ಶ್ರುತಿ ಸ್ವಲ್ಪ ಜಾಸ್ತಿ ಏರಿಸಿಬಿಟ್ಟಿದೀನಿ” ಅಂದಳು. ಬಾರದೆ ಹೋದ ಮೂರು ಯಾವುವು ಎಂದು ಹೆಸರು ಓದಿಸಿಕೊಂಡಳು. ಅವುಗಳ ಸಾಹಿತ್ಯವನ್ನು ಅವಳು ಹೇಳುತ್ತಿದ್ದಾಳೆ, ಮೊಮ್ಮಗಳು ಬರೆದುಕೊಳ್ಳುತ್ತಿದ್ದಾಳೆ. ಧಾಟಿ ತೋರಿಸಲು ಅಜ್ಜಿಗೆ ಕಂಠ ಸಾಲದು. ಗುನುಗಿ, ಕೈಬೆರಳಿನಲ್ಲಿ ಏರಿಳಿತ ತೋರಿಸಿ, ಮೊಮ್ಮಗಳ ಬಾಯಲ್ಲಿ ಹೇಳಿಸುತ್ತಾಳೆ. ಒಂದು ಆಗಿದೆ, ಎರಡು ಬಾಕಿ.

ಒಂದು ವಾರ ಬಿಟ್ಟು ನಾವು ಮತ್ತೆ ಎಸ್.ಪಿ. ರಸ್ತೆಗೆ ಹೋದೆವು, ಹಾಡುಗಳ ಇನ್ನೊಂದು ಪ್ರತಿ ಇಡಲು ಪೆನ್ ಡ್ರೈವ್ ತರಲು. ಉಳಿದ ಐನೂರರಲ್ಲಿ ಅದಾಗಬೇಕಿತ್ತು. ಕ್ಯಾಬಿನೆಟ್ ಅಂಗಡಿಯ ಯಜಮಾನರು ಗುರುತು ಹಿಡಿದು ದೂರದಿಂದಲೇ ಕೇಳಿದರು, “ತಿರುಗ್ತಾ ಅಂಕಲ್?”

ಮೊಮ್ಮಗಳು ಫೋನಿನಲ್ಲಿ ಒಂದು ಆರತಿ ಹಾಡು ಹಾಕಿ ಅವರ ಮುಂದೆ ಹಿಡಿದಳು. ಅವರು ಮೇಜಿನ ಮೇಲಿನ ಫ್ಯಾನು ನಿಲ್ಲಿಸಿ ಕೇಳಿದರು. “ನಮ್ಮ ಊರಲ್ಲೂ ಮದುವೆಗೆ ನಮ್ಮಮ್ಮ ಹೀಗೇ ಹೇಳ್ತಿದ್ರು. ಯಾರೂ ರೆಕಾರ್ಡ್ ಮಾಡಿಲ್ಲ” ಅಂದರು. ಪೆನ್ ಡ್ರೈವಿಗೆ 420 ರೂಪಾಯಿ ತೆಗೆದುಕೊಂಡರು. ನಾನು ಕೇಳುವುದಕ್ಕೆ ಮೊದಲೇ ಬಿಲ್ ಪುಸ್ತಕ ಎಳೆದುಕೊಂಡು, ಕನ್ನಡಕ ಏರಿಸಿ, ಸೀರಿಯಲ್ ನಂಬರ್ ಬರೆಯತೊಡಗಿದರು.